ಕನ್ನಡ ಅಂದರೆ ಬ್ರಿಟಿಷ್ ಪೌಂಡೇ?

(ಇತ್ತೀಚೆಗೆ ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಜನರ ಸಭೆಯೊಂದರಲ್ಲಿ ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರೊಬ್ಬರು ಆಡಿದ ಮಾತುಗಳು)

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ತಂತ್ರಜ್ಞಾನ ಮತ್ತು ಕನ್ನಡ' ಅಂತ ಅಚ್ಚು ಹಾಕಿಸಿದ್ದೀರಿ. ನೋಡಿ ಗಾಬರಿಯಾಯಿತು. ನನಗೆ ತಂತ್ರಜ್ಞಾನ ಗೊತ್ತಿಲ್ಲ. ನಾನು 1997ರಲ್ಲಿ ಕೆಲಸಕ್ಕೆ ಸೇರಿದ ಮೇಷ್ಟ್ರು. ಸೀಮೆಸುಣ್ಣ, ಡಸ್ಟರು, ಗೋಡೆಗೆ ನೇತುಹಾಕುವ ಭೂಪಟ, ಗಂಟಲು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಷ್ಟರಲ್ಲೇ ಸಂಸಾರ ಮಾಡಿದವನು. ಭೂಪಟ ಹರಿದು ರಾಜಸ್ಥಾನವೇ ಕಾಣದ ಹಾಗಾದಾಗ ಬಾಯಲ್ಲೇ ರಾಜಸ್ಥಾನ ಪಾಠ ಮಾಡಿದ್ದೇನೆ. ಅದರಿಂದ ಇವತ್ತು ತಂತ್ರಜ್ಞಾನದ ಮೇಲೆ ಭಾಷಣ ನಿರೀಕ್ಷಿಸಬೇಡಿ. ಐವತ್ತರ ಹತ್ತಿರ ಬಂದ ಒಬ್ಬ ಕನ್ನಡದ ಮೇಷ್ಟ್ರು ಅಂತರಜಾಲ ಅನ್ನುವ ಬಾವಿಗೆ ಹೇಗೆ ಬಿದ್ದ, ಬಿದ್ದ ಮೇಲೆ ಅಲ್ಲಿ ಏನು ಕಂಡ ಅನ್ನೋದನ್ನ ಮಾತ್ರ ಹೇಳುತ್ತೇನೆ.

ನಮ್ಮ ಸ್ಕೂಲು ಇರುವುದು ಬೇಗೂರಿನ ಕಡೆ. ಒಂದು ಕಾಲಕ್ಕೆ ಹಳ್ಳಿ, ಈಗ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಊರು. ಆ ಅಪಾರ್ಟ್‌ಮೆಂಟುಗಳ ಮಕ್ಕಳು ನಮ್ಮ ಸ್ಕೂಲಿಗೆ ಬರುವುದಿಲ್ಲ. ಅವನ್ನು ಕಟ್ಟುವವರ ಮಕ್ಕಳು ಬರುತ್ತಾರೆ. ಯಾದಗಿರಿ, ರಾಯಚೂರು, ಕಲಬುರ್ಗಿಯಿಂದ ಬಂದವರು, ಆಂಧ್ರದ ಕಡೆಯವರು, ಬಿಹಾರದವರೂ ಇದ್ದಾರೆ. ನನ್ನ ಒಂಬತ್ತನೇ ತರಗತಿಯಲ್ಲಿ ಮನೆಮಾತು ಕೇಳಿದರೆ ತೆಲುಗು, ತಮಿಳು, ಉರ್ದು, ಲಂಬಾಣಿ, ಹಿಂದಿ ಎಲ್ಲ ಬರುತ್ತವೆ. ಆದರೆ ಕಲಿಯುವುದು ಕನ್ನಡದಲ್ಲಿ. 'ಬೆಂಗಳೂರಲ್ಲಿ ಕನ್ನಡ ಎಲ್ಲಿದೆ' ಅಂತ ಕೇಳುವವರಿಗೆ ಹೇಳುತ್ತೇನೆ, ಈ ಮಕ್ಕಳ ನೋಟ್‌ಬುಕ್ಕಿನಲ್ಲಿದೆ, ಬಂದು ನೋಡಿ ಅಂತ.

2020ರ ಮಾರ್ಚಿನಲ್ಲಿ ಸ್ಕೂಲು ಮುಚ್ಚಿದರು. ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠ ಶುರುವಾಯಿತು, ಆಗಸ್ಟಿನಲ್ಲಿ 'ವಿದ್ಯಾಗಮ' ಅಂತ ನಾವು ಮರದ ಕೆಳಗೆ, ಗುಡಿ ಜಗಲಿಯ ಮೇಲೆ ಪಾಠ ಮಾಡಿದೆವು. ಅದರ ಜೊತೆಗೆ ಫೋನಿನಲ್ಲೂ ಪಾಠ ಕಳಿಸಿ ಅಂದರು. ಫೋನು ಇರುವುದು ಮನೆಗೊಂದು. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋದರೆ ಬರುವುದು ರಾತ್ರಿಗೆ. ಅದೂ ಇರಲಿ. ನನ್ನ ಸಂಕಟ ಬೇರೆ. ಪಾಠ ಕಳಿಸುವುದು ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಆಮೇಲೆ ಒಂದು ತರಬೇತಿಗೆ ಹೋದೆ. ಎಲ್ಲಿ, ಯಾರು ಮಾಡಿದ್ದು ಅನ್ನೋದು ಬೇಡ. ಕಲಿಸಲು ಬಂದಿದ್ದ ಹುಡುಗ ಒಳ್ಳೆಯವನೇ, ಆದರೆ ಬಾಯಿಬಿಟ್ಟರೆ ಇಂಗ್ಲಿಷ್. ಕ್ಲೌಡ್ ಅಂದ, ಶೇರ್ ಅಂದ, ಪರ್ಮಿಷನ್ ಅಂದ. ನಾವು ಐವತ್ತು ಜನ ಮೇಷ್ಟ್ರು, ಮೇಡಮ್ಮುಗಳು ಎಲ್ಲಕ್ಕೂ ತಲೆಯಾಡಿಸುತ್ತಾ ಕೂತಿದ್ದೆವು. ಆಗ ನನಗೆ ಹೊಳೆಯಿತು. ನನ್ನ ಮುಂದೆ ಮಕ್ಕಳು ತಲೆಯಾಡಿಸುವುದೂ ಹೀಗೇ ಅಲ್ಲವೇ? ಅರ್ಥವಾಗದೆ ತಲೆಯಾಡಿಸುವುದು ಎಷ್ಟು ಸುಸ್ತಿನ ಕೆಲಸ ಅಂತ ನನಗೆ ಅವತ್ತೇ ತಿಳಿದದ್ದು. ಎದ್ದು ನಿಂತು, 'ಇದನ್ನೇ ಕನ್ನಡದಲ್ಲಿ ಹೇಳ್ತೀರಾಪ್ಪಾ?' ಅಂದೆ. ಹಿಂದಿನಿಂದ ನಗು ಬಂತು. ನಕ್ಕವರು ಪರಭಾಷಿಕರಲ್ಲ ಸ್ವಾಮಿ, ಕನ್ನಡದ ಮೇಷ್ಟ್ರುಗಳೇ! ನಮ್ಮ ಹೋರಾಟದ ಬಹುಪಾಲು ಇರುವುದು ಆ ಹಿಂದಿನ ಬೆಂಚಿನಲ್ಲಿ.

ಕೊನೆಗೆ ನನಗೆ ಕಲಿಸಿದವನು ನಮ್ಮ ಸ್ಕೂಲಿನ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ. ನನ್ನ ಹಳೇ ಶಿಷ್ಯ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನು, ಅದೂ ನನ್ನ ಸಬ್ಜೆಕ್ಟಿನಲ್ಲಿ! ಅವನು ಹೇಳಿದ: 'ಲಿಂಕ್ ಅಂದ್ರೆ ಮನೆ ಅಡ್ರೆಸ್ ಸಾರ್. ಮದುವೆಗೆ ಕರೆಯೋವಾಗ ಮನೇನೇ ಹೊತ್ಕೊಂಡು ಹೋಗ್ತೀವಾ? ಅಡ್ರೆಸ್ ಕೊಟ್ಟು ಬರ್ತೀವಿ. ಪರ್ಮಿಷನ್ ಅಂದ್ರೆ, ಬಂದೋರು ಪಡಸಾಲೇಲಿ ಕೂರಬೇಕಾ, ಅಡುಗೆಮನೆಗೂ ಹೋಗಬಹುದಾ ಅನ್ನೋದು.' ಅಷ್ಟೇ. ಎರಡು ದಿನದ ತರಬೇತಿ ಎರಡು ನಿಮಿಷದಲ್ಲಿ ಮುಗಿಯಿತು.

ಅಲ್ಲಿಂದಲೇ ನಿಜವಾದ ಕಥೆ ಶುರುವಾಗುವುದು.

ಹನ್ನೆರಡು ವರ್ಷದ ನನ್ನ ಟಿಪ್ಪಣಿ, ಪ್ರಶ್ನೆಪತ್ರಿಕೆಗಳೆಲ್ಲ ಅದೇ ಅಂಗಡಿಯಲ್ಲಿ ಟೈಪ್ ಆಗಿದ್ದವು. ಎಲ್ಲ ಒಂದು ಪೆನ್‌ಡ್ರೈವಿನಲ್ಲಿ ಭದ್ರವಾಗಿತ್ತು. ಇನ್ನೇನು, ಎತ್ತಿ ಅಂತರಜಾಲಕ್ಕೆ ಹಾಕಿದರೆ ಮಕ್ಕಳಿಗೆ ತಲುಪುತ್ತದೆ ಅಂತ ಉತ್ಸಾಹದಲ್ಲಿ ಒಂದು ಪಾಠ ನಕಲು ಮಾಡಿ ಹಾಕಿದೆ. ತೆರೆಯ ಮೇಲೆ ಬಂದದ್ದೇನು ಗೊತ್ತೇ? 'ಕನ್ನಡ' ಅನ್ನುವ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟೆಳೆದ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನರ ಒಂದು ಅಕ್ಷರ, ಕೊನೆಗೆ ಕ್ಯೂ! ಮಯೂರವರ್ಮನ ಪಾಠ ಲಂಡನ್ನಿನ ಬ್ಯಾಂಕಿನ ಲೆಕ್ಕದ ಹಾಗೆ ಕಾಣುತ್ತಿತ್ತು.

ಯಾಕೆ ಹೀಗಾಯಿತು ಅಂತ ತಿಳಿಯುವುದಕ್ಕೆ ನನಗೆ ತಿಂಗಳು ಬೇಕಾಯಿತು. ನೀವು ಕಂಪ್ಯೂಟರ್ ಓದಿದವರು, ಆದರೂ ಕೇಳಿ, ಯಾಕೆಂದರೆ ನಿಮ್ಮಲ್ಲೂ ಅರ್ಧ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ. ಕಂಪ್ಯೂಟರಿಗೆ ಅಕ್ಷರ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರು. ತೊಂಬತ್ತರ ದಶಕದಲ್ಲಿ ನಮ್ಮ ಯಂತ್ರಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಆಗಿನವರು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಮನೆಯೊಳಗೇ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಕೂರಿಸಿದರು. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಇಂಗ್ಲಿಷ್. ಇದನ್ನು ನಾನು ಬೈಯುವುದಿಲ್ಲ. ಕೆ.ಪಿ. ರಾವ್ ಅವರಂಥವರು ಕೀಲಿಮಣೆ ವಿನ್ಯಾಸ ಮಾಡದಿದ್ದರೆ, 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಡದಿದ್ದರೆ, ಕನ್ನಡ ಗಣಕ ಪರಿಷತ್ತಿನವರು 'ನುಡಿ' ಮಾಡದಿದ್ದರೆ, ನಮ್ಮ ಕಚೇರಿಗಳು ಕನ್ನಡ ಟೈಪ್ ಮಾಡುವುದನ್ನೇ ಬಿಟ್ಟುಬಿಡುತ್ತಿದ್ದವು. ಅವತ್ತಿಗೆ ಅದೇ ದೊಡ್ಡ ಉಪಕಾರ.

ಆದರೆ ಯೂನಿಕೋಡ್ ಅನ್ನುವ ಲೋಕದ ಪಟ್ಟಿಯಲ್ಲಿ 1991ರಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿಯನ್ನು ಬರೆದುಕೊಟ್ಟಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನುವ ಯೂನಿಕೋಡ್ ಅಕ್ಷರಶೈಲಿಯೂ ಬಂತು. ಸ್ವಂತ ಮನೆ ಆಯಿತು, ನಾವು ಮಾತ್ರ ಬಾಡಿಗೆ ಮನೆ ಬಿಡಲಿಲ್ಲ. ನನ್ನ ಪ್ರಶ್ನೆಪತ್ರಿಕೆಗಳು 2019ರವರೆಗೂ ಹಳೇ ಫಾಂಟಿನಲ್ಲೇ ಟೈಪ್ ಆಗುತ್ತಿದ್ದವು. ಪರಿಣಾಮ? ಆ ಹನ್ನೆರಡು ವರ್ಷದ ಬರಹ ಹುಡುಕಿದರೆ ಸಿಗುವುದಿಲ್ಲ. ಫೋನಿನಲ್ಲಿ ತೆರೆಯುವುದಿಲ್ಲ. ಕುರುಡು ಮಕ್ಕಳಿಗೆ ಓದಿ ಹೇಳುವ ಯಂತ್ರ ಅದನ್ನು ಓದುವುದಿಲ್ಲ. ಇದು ನನ್ನೊಬ್ಬನ ಪೆನ್‌ಡ್ರೈವ್. ನಾಡಿನ ತುಂಬ ಮೇಷ್ಟ್ರುಗಳ, ಸಣ್ಣ ಪತ್ರಿಕೆಗಳ, ಡಿಟಿಪಿ ಅಂಗಡಿಗಳ ಎಷ್ಟು ಪೆನ್‌ಡ್ರೈವುಗಳಿವೆಯೋ ಲೆಕ್ಕ ಹಾಕಿ. ಈಗ ಏನು ಕೇಳಿದರೂ ಉತ್ತರ ಹೇಳುವ ಯಂತ್ರಗಳು ಬಂದಿವೆಯಲ್ಲ, ಅವು ಕನ್ನಡ ಕಲಿಯುವುದು ಅಂತರಜಾಲದಲ್ಲಿ ಕನ್ನಡವಾಗಿಯೇ ಇರುವ ಬರಹದಿಂದ. ಪೌಂಡು, ಕ್ಯೂ ಆಗಿ ಕೂತದ್ದರಿಂದ ಅಲ್ಲ.

ಪರಿವರ್ತಕಗಳಿವೆ, ನಮ್ಮ ಹುಡುಗರೇ ಮಾಡಿ ಪುಕ್ಕಟೆ ಕೊಟ್ಟಿದ್ದಾರೆ. ಒಂದು ಬೇಸಿಗೆ ರಜೆ ಪೂರ್ತಿ ನಾನೂ ಜೆರಾಕ್ಸ್ ಹುಡುಗನೂ ಕೂತು ಪರಿವರ್ತಿಸಿದೆವು. ಅಲ್ಲಲ್ಲಿ ಅರ್ಕಾವತ್ತು ಜಾರಿತ್ತು, ದೀರ್ಘ ಬಿದ್ದುಹೋಗಿತ್ತು. ಕೈಯಲ್ಲಿ ತಿದ್ದಿದೆ. ತಿದ್ದುತ್ತಾ ತಿದ್ದುತ್ತಾ ನಾನೇ ಕನ್ನಡ ಟೈಪ್ ಮಾಡುವುದನ್ನು ಕಲಿತೆ. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ ಅಂತ ಗೊತ್ತಾದ ದಿನ ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ 'ಸರಿ, ಸಾರು ಉಕ್ತಿದೆ' ಅಂದು ಒಳಗೆ ಹೋದಳು.

ಸ್ಕೂಲು ಮತ್ತೆ ಶುರುವಾದ ಮೇಲೆ ಇದನ್ನೆಲ್ಲ ತರಗತಿಗೆ ತಂದೆ. ನಮ್ಮ ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು, ನಡೆಯುವುದು ಆರು. ಒಂದೊಂದರ ಮುಂದೆ ಏಳು ಜನ. ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲೇ ಪ್ರಶ್ನೆ ಹಾಕಿ, ಸರಿಯುತ್ತರವನ್ನೂ ತುಂಬಿ, ಯಂತ್ರವೇ ಅಂಕ ಕೊಡುವ ಹಾಗೆ ಮಾಡಿದೆ. 'ಬೆಂಗಳೂರು ಕೋಟೆಯನ್ನು ಕಟ್ಟಿಸಿದವರು ಯಾರು?' ಉತ್ತರ: ಕೆಂಪೇಗೌಡ. ಫಲಿತಾಂಶ ನೋಡಿದರೆ ಅರ್ಧ ತರಗತಿಗೆ ಸೊನ್ನೆ! ಏನಪ್ಪಾ ಅಂತ ನೋಡಿದರೆ, ಮಕ್ಕಳು 'ಕೆಂಪೇಗೌಡರು' ಅಂತ ಬರೆದಿದ್ದರು. ನಾನು ತುಂಬಿದ ಉತ್ತರಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಆ ಯಂತ್ರ ಅಂಕ ಕೊಡುತ್ತದೆ. ನಾಡಪ್ರಭುವಿಗೆ ಗೌರವ ಕೊಟ್ಟವರೆಲ್ಲ ಫೇಲು, ಏಕವಚನದಲ್ಲಿ ಕರೆದವರೆಲ್ಲ ಪಾಸು! ಆಮೇಲೆ ಪ್ರತಿ ಪ್ರಶ್ನೆಗೂ ನಾಲ್ಕೈದು ರೂಪದ ಉತ್ತರ ತುಂಬುವುದನ್ನು ಕಲಿತೆ. ಕನ್ನಡದ ವಿಭಕ್ತಿ, ಬಹುವಚನ, ಆಡುಮಾತು ಯಾವುದೂ ಆ ಯಂತ್ರವನ್ನು ಮಾಡಿದವನ ತಲೆಯಲ್ಲಿರಲಿಲ್ಲ. ಇರಬೇಕಾದರೆ ಹೇಳುವವರು ನಾವೇ.

ಈಗ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ. ಯಾದಗಿರಿ ಜಿಲ್ಲೆಯ ಒಂದು ತಾಂಡಾದವಳು, ಮನೆಮಾತು ಲಂಬಾಣಿ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು, ಇರುವುದು ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಒಂಬತ್ತನೇ ತರಗತಿಗೆ ಜೂನ್ ಕೊನೆಗೆ ಬಂದು ಸೇರಿದಳು. ಮೊದಲ ದಿನ 'ಸರ, ನಮ್ಮೂರು ಭಾಳ ದೂರ ಅದ' ಅಂದಳು. ಹಿಂದಿನ ಬೆಂಚಿನಿಂದ ನಗು. ಹೌದು, ಅದೇ ಹಿಂದಿನ ಬೆಂಚು, ತರಬೇತಿಯಲ್ಲಿ ನನ್ನನ್ನು ನೋಡಿ ನಕ್ಕಿತಲ್ಲ, ಅದರದೇ ಮರಿ. ಅವತ್ತಿಂದ ಆ ಹುಡುಗಿ ಬಾಯಿ ಬಿಡಲಿಲ್ಲ. ಎರಡು ತಿಂಗಳು.

ಬೆಂಗಳೂರಿನ ಹೆಸರು ಹೇಗೆ ಬಂತು ಅನ್ನುವ ಮಾತು ತರಗತಿಯಲ್ಲಿ ಎದ್ದಿತು. ವೀರಬಲ್ಲಾಳ ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಆಯಿತು. ಈ ಕಥೆ ಎಲ್ಲರಿಗೂ ಗೊತ್ತು. ಅಂತರಜಾಲದಲ್ಲಿ ಹುಡುಕಿದರೂ ಮೊದಲು ಸಿಗುವುದು ಅದೇ. ಮಕ್ಕಳಿಗೆ ಹೇಳಿದೆ, ನಮ್ಮ ಸ್ಕೂಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಗೇಶ್ವರ ದೇವಸ್ಥಾನವಿದೆ, ಅಲ್ಲೊಂದು ಕಲ್ಲಿದೆ, ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದ್ದು, ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ ಅಂತ. ಎಲ್ಲರೂ ಹೋಗಿ ನೋಡಿ ಬಂದೆವು. ಕಲ್ಲಿನ ಮೇಲಿನ ಅಕ್ಷರ ಓದಲು ಬರಲಿಲ್ಲ, ಸಹಜ. ಮಾರನೇ ದಿನ ಲ್ಯಾಬಿನಲ್ಲಿ, ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ತೆರೆದೆ. ಆ ಪುಸ್ತಕದ ಪುಟಗಳ ಚಿತ್ರ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಶಾಸನದ ಪಾಠ ಈಗಿನ ಕನ್ನಡ ಲಿಪಿಯಲ್ಲೇ ಇದೆ. ನೂರು ವರ್ಷಕ್ಕೂ ಹಳೆಯ ಆ ಪುಸ್ತಕವನ್ನು ನಾನು ಓದಿದ ಕಾಲೇಜಿನಲ್ಲಿ ಬೀರುವಿನ ಗಾಜಿನ ಆಚೆ ಮಾತ್ರ ನೋಡಿದ್ದೆ. ಈಗ ಕಟ್ಟಡ ಕಾರ್ಮಿಕರ ಮಕ್ಕಳು ಅದರ ಪುಟ ತಿರುವುತ್ತಿದ್ದರು. ಈ ಒಂದು ದೃಶ್ಯಕ್ಕಾಗಿ ನಾನು ಅಂತರಜಾಲದ ನೂರು ಅಪರಾಧ ಮನ್ನಿಸಬಲ್ಲೆ.

ಆಗ ಆ ಹುಡುಗಿ ಎದ್ದು ನಿಂತಳು. 'ಸರ, ವೀರಬಲ್ಲಾಳ ಯಾವಾಗ ಇದ್ದ?' ಇಮ್ಮಡಿ ಬಲ್ಲಾಳ ಹನ್ನೆರಡನೇ ಶತಮಾನದ ಕೊನೆ, ಹದಿಮೂರರ ಮೊದಲು ಅಂದೆ. 'ಮತ್ತ ಈ ಕಲ್ಲು ಅವನಕಿಂತ ಮುಂಚೀದು ಅದಲ್ಲ ಸರ? ಅವ ಬರೂಕಿಂತ ಮುನ್ನೂರು ವರ್ಷ ಮೊದಲೇ ಊರಿಗಿ ಹೆಸರು ಇತ್ತಂದ್ರ, ಬೆಂದ ಕಾಳಿಂದು ಸುಳ್ಳು ಅಲ್ಲೇನ್ರಿ?'

ಯಾರೂ ನಗಲಿಲ್ಲ.

ಅದನ್ನು ಬರೆಯಲು ಹೇಳಿದೆ. ಅವಳಿಗೆ ಟೈಪ್ ಬರುತ್ತಿರಲಿಲ್ಲ. ನನ್ನ ಫೋನಿನಲ್ಲಿ ಮಾತಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯ ಇದೆ, 2017ರಲ್ಲಿ ಗೂಗಲ್‌ನವರು ಕನ್ನಡಕ್ಕೆ ತಂದದ್ದು. ಅವಳು ಮಾತಾಡಿದಳು. ಫೋನು 'ಅದ' ಅಂದದ್ದನ್ನು ಏನೇನೋ ಬರೆದುಕೊಂಡಿತು. ಬೆಂಗಳೂರು, ಮೈಸೂರು ಕಡೆಯ ಕನ್ನಡ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ಯಾದಗಿರಿಯ ಕನ್ನಡಕ್ಕೆ ತಬ್ಬಿಬ್ಬಾಗುತ್ತದೆ. ಹುಡುಗಿ ನಕ್ಕಳು, 'ಇದಕ್ಕೂ ನನ್ನ ಮಾತು ತಿಳಿಯಂಗಿಲ್ಲ ನೋಡ್ರಿ ಸರ' ಅಂದಳು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದಳು. ಅವಳು ಬರೆದದ್ದು, ಉಳಿದವರು ಸೇರಿಸಿದ್ದು ಎಲ್ಲವನ್ನೂ ಒಂದು ಹಂಚಿಕೊಂಡ ಕಡತದಲ್ಲಿಟ್ಟೆವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಯಾರು ಏನು ತಿದ್ದಿದರು ಅಂತ ಕಾಣುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಅವಳ 'ಅದ'ವನ್ನು 'ಇದೆ' ಅಂತ ತಿದ್ದಿದ. ಅವಳು ಅದನ್ನು ವಾಪಸು 'ಅದ' ಮಾಡಿದಳು. ಹೀಗೆ ಮೂರು ಸಲ ನಡೆಯಿತು. ನಾನು ಮಧ್ಯೆ ಹೋಗಲಿಲ್ಲ. ಕೊನೆಗೆ ಉಳಿದದ್ದು 'ಅದ'.

ವಿಕಿಪೀಡಿಯಾದ ಮಾತು ಒಂದಿಷ್ಟು. ಕನ್ನಡ ವಿಕಿಪೀಡಿಯಾ ಶುರುವಾದದ್ದು 2003ರಲ್ಲಿ. ಇಷ್ಟು ವರ್ಷಕ್ಕೆ ನಮ್ಮ ಲೇಖನಗಳು ಮೂವತ್ತು ಸಾವಿರ ಚಿಲ್ಲರೆ. ತಮಿಳಿನದು ಒಂದೂವರೆ ಲಕ್ಷ ದಾಟಿದೆ. ನಮಗಿಂತ ಕಡಿಮೆ ಜನ ಮಾತಾಡುವ ಮಲಯಾಳಂ ಎಂಬತ್ತು ಸಾವಿರ ದಾಟಿದೆ. ಇದಕ್ಕೆ ಯಾವ ದೆಹಲಿಯ ಪಿತೂರಿಯೂ ಕಾರಣವಲ್ಲ, ಯಾವ ಆದೇಶವೂ ಬೇಕಿಲ್ಲ. ಬರೆಯುವವರು ಕಡಿಮೆ, ಅಷ್ಟೇ. ಹಾಗಂತ ಏನೂ ಆಗಿಲ್ಲ ಅನ್ನಲಾರೆ. ನಮ್ಮ ಸರ್ಕಾರಿ ಶಿಕ್ಷಕರೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನುವ ಜಾಲತಾಣವಿದೆ, ಪಠ್ಯಪುಸ್ತಕದ ಚೌಕುಳಿ ಗುರುತಿಗೆ ಫೋನು ಹಿಡಿದರೆ ತೆರೆಯುವ 'ದೀಕ್ಷಾ' ಇದೆ, ವಿಜ್ಞಾನದ ಪ್ರಯೋಗಗಳನ್ನು ತೆರೆಯ ಮೇಲೆ ಮಾಡಿ ನೋಡುವ 'ಫೆಟ್' ಕನ್ನಡದಲ್ಲೂ ಸಿಗುತ್ತದೆ. ನಮ್ಮ ವಿಜ್ಞಾನದ ಮೇಡಂ ವಿದ್ಯುತ್ ಪಾಠವನ್ನು ಅದರಲ್ಲೇ ಮಾಡುತ್ತಾರೆ. ಆದರೆ ನಮ್ಮೂರಿನ ಕೆರೆ, ನಮ್ಮೂರಿನ ಕಲ್ಲು, ನಮ್ಮೂರಿನ ಜಾತ್ರೆಯ ಬಗ್ಗೆ ಕ್ಯಾಲಿಫೋರ್ನಿಯಾದವನು ಬರೆದುಕೊಡುವುದಿಲ್ಲ.

ಕೊನೆಗೆ ಭೂಪಟ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದಾದ ಲೋಕದ ಭೂಪಟ. ಅದರಲ್ಲಿ ಪ್ರತಿ ಜಾಗಕ್ಕೂ ಕನ್ನಡ ಹೆಸರು ಬರೆಯಲು ಪ್ರತ್ಯೇಕ ಜಾಗವಿದೆ. ನಮ್ಮ ಸ್ಕೂಲಿನ ಸುತ್ತಲ ಓಣಿಗಳನ್ನು ನೋಡಿದೆ, ಬಹುಪಾಲಿಗೆ ಕನ್ನಡದ ಜಾಗ ಖಾಲಿ. ಮುನೇಶ್ವರನ ಗುಡಿ ಬೀದಿ ಅಂತ ನಾವು ಕರೆಯುವ ರಸ್ತೆಗೆ ಬಡಾವಣೆ ಮಾಡಿದವನು ಇಟ್ಟ ಇಂಗ್ಲಿಷ್ ಹೆಸರು ಮಾತ್ರ ಇತ್ತು. ಮಕ್ಕಳು ಹಳಬರನ್ನು ಕೇಳಿ ಹೆಸರು ಬರೆದುಕೊಂಡು ಬಂದರು, ಅವರು ಹೇಳಿದ ಹಾಗೆ ನಾನು ನನ್ನ ಖಾತೆಯಿಂದ ತುಂಬಿದೆ. ಒಂದು ಟೀ ಅಂಗಡಿಯ ಅಜ್ಜ ಹುಡುಗರಿಗೆ, ಈಗ ಮಾಲ್ ಇರುವ ಜಾಗದಲ್ಲಿ ರಾಗಿ ಹೊಲ ಇತ್ತು, ಅದಕ್ಕೆ ಇಂಥ ಹೆಸರಿತ್ತು ಅಂತ ಹೇಳಿದನಂತೆ. ಇಲ್ಲದ ಹೊಲವನ್ನು ಭೂಪಟಕ್ಕೆ ಹಾಕುವ ಹಾಗಿಲ್ಲ. ಹಂಚಿಕೊಂಡ ಕಡತದಲ್ಲಿ ಬರೆದಿಟ್ಟೆವು.

ಗೆಳೆಯರೇ, ಅಂಗಡಿ ಬೋರ್ಡುಗಳಿಗಾಗಿ ನೀವು ಬೀದಿಗಿಳಿದಿರಿ. ಲಾಠಿ ಏಟು ತಿಂದವರು ಈ ಸಭೆಯಲ್ಲೇ ಇದ್ದೀರಿ. 2024ರ ತಿದ್ದುಪಡಿ ಕಾಯ್ದೆಯಲ್ಲಿ ಶೇಕಡಾ 60ರಷ್ಟು ಕನ್ನಡ ಅಂತ ಬರೆಸಿದಿರಿ. ಒಳ್ಳೆಯದೇ ಆಯಿತು. ಆದರೆ ಆ ಬೋರ್ಡಿಗಿಂತ ಮೊದಲು ಜನ ನೋಡುವ ಬೋರ್ಡು ಈಗ ಕೈಯಲ್ಲಿದೆ. ಅದಕ್ಕೆ ಕನ್ನಡ ಬರೆಯಲು ಯಾರ ಅಪ್ಪಣೆಯೂ ಬೇಡ, ಯಾರೊಂದಿಗೂ ಜಗಳ ಬೇಡ. ನನ್ನಂಥ ಮುದಿ ಮೇಷ್ಟ್ರು ಒಂದು ಮಳೆಗಾಲದಲ್ಲಿ ಅರವತ್ತು ಹೆಸರು ತುಂಬಿದ್ದಾನೆ.

ಆ ಹುಡುಗಿಯ ಕಡೆಯ ಮಾತು ಹೇಳಿಬಿಡುತ್ತೇನೆ. ಜನವರಿಯಲ್ಲಿ ಕಟ್ಟಡ ಮುಗಿಯಿತು, ಅವರ ಶೆಡ್ಡು ಕಿತ್ತರು. ಅಪ್ಪ ಅವಳನ್ನು ಅಜ್ಜಿಯ ಹತ್ತಿರ ತಾಂಡಾಕ್ಕೆ ಕಳಿಸುತ್ತೇನೆ ಅಂದ. ವರ್ಷ ಮುಗಿಯಲಿ ಅಂತ ಕೈಮುಗಿದೆ, ಆಗಲಿಲ್ಲ. ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ಅವಳು ಲ್ಯಾಬಿಗೆ ಹೋಗಿ ಭೂಪಟ ತೆರೆದು ಅವಳ ತಾಂಡಾ ಹುಡುಕಿದಳು. ಹೆಸರಿಲ್ಲದ ನಾಲ್ಕಾರು ಮನೆಗಳ ಚುಕ್ಕಿ. 'ಸರ, ಇಲ್ಲಿ ಬರೀರಿ' ಅಂದಳು. ಬರೆದೆ. ಕನ್ನಡದಲ್ಲಿ ಬರೆದ ಮೇಲೆ, ಲಂಬಾಣಿಯಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆಯುತ್ತೇವೆ, ಅದನ್ನೂ ಬರೆಯಬಹುದಾ ಅಂತ ಕೇಳಿದಳು. ಅದಕ್ಕೂ ಅಲ್ಲಿ ದಾರಿ ಇದೆ. ಅದನ್ನೂ ಬರೆದೆವು. ಅವಳು ಅಲ್ಲಿನ ಹೈಸ್ಕೂಲಿಗೆ ಸೇರಿದಳೋ ಇಲ್ಲವೋ ಅಂತ ಅಲ್ಲಿನ ಮೇಷ್ಟ್ರೊಬ್ಬರಿಗೆ ಫೋನು ಮಾಡಿ ವಿಚಾರಿಸುತ್ತಿದ್ದೇನೆ. ಇನ್ನೂ ಸೇರಿಲ್ಲವಂತೆ.

ಲ್ಯಾಬಿನ ಉಳಿದ ಐದು ಕಂಪ್ಯೂಟರು ಹಾಗೇ ಬಿದ್ದಿವೆ. ನಿಮ್ಮಲ್ಲಿ ರಿಪೇರಿ ಬಲ್ಲವರು ಇದ್ದೀರಿ, ನನಗೆ ಗೊತ್ತು. ಶನಿವಾರ ಬೆಳಗಿನ ಸ್ಕೂಲು, ಮಧ್ಯಾಹ್ನದ ಹೊತ್ತಿಗೆ ಬಿಡುತ್ತದೆ, ಆಮೇಲೆ ನಾನು ಅಲ್ಲೇ ಇರುತ್ತೇನೆ. ಒಬ್ಬರಿಗೆ ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು, ಇನ್ನೊಬ್ಬರು ಪೆನ್‌ಡ್ರೈವ್ ಇರುವ ಹಳೇ ಮೇಷ್ಟ್ರುಗಳನ್ನು ಹುಡುಕಿಕೊಂಡು ಬನ್ನಿ. ಕನ್ನಡದಲ್ಲಿ ಕಲಿಸುವವರು ಬಂದರೆ ಇನ್ನೂ ಒಳ್ಳೆಯದು. ಊಟ ನಮ್ಮ ಮನೆಯಲ್ಲಿ. ಸಾರು ಉಕ್ಕದ ಹಾಗೆ ನಾನೇ ನೋಡಿಕೊಳ್ಳುತ್ತೇನೆ.